ಅಡುಗೆ ಸಮಿತಿಗೆ ಗಡಿಯಾರದ ಮಾತೇಕೆ?

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರವನ್ನು ದಾಟಿ ಕೆಂಗೇರಿಯ ಕಡೆಗೆ ಹೋಗುವ ಮೈಸೂರು ರಸ್ತೆಯ ಆಸುಪಾಸಿನಲ್ಲಿ ಒಂದು ಸಿದ್ಧ ಉಡುಪಿನ ಕಾರ್ಖಾನೆ. ಅದರ ಹೆಸರು ನಮಗೆ ಬೇಡ, ಏಕೆಂದರೆ ಅಲ್ಲಿ ನಡೆದದ್ದು ಎಲ್ಲ ಕಡೆಯೂ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಆ ಕಾರ್ಖಾನೆಯ ಕ್ಯಾಂಟೀನ್ ಸಮಿತಿಯ ಮೂವರು ಸದಸ್ಯರು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದರು. ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಉತ್ತರ ಹೇಳಹೊರಟಾಗ ಅದು ಸಣ್ಣದಲ್ಲವೆಂದು ನಮಗೆ ತೋರಿತು. ಆದ್ದರಿಂದ ಅದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ನಡೆದದ್ದು ಇಷ್ಟು. ಕ್ಯಾಂಟೀನಿನಲ್ಲಿ ದಿನವೂ ಎರಡು ಡಬರಿ ಅನ್ನ ಮಿಕ್ಕಿ ಚೆಲ್ಲಿಹೋಗುತ್ತಿತ್ತು. ಇದು ದುಂದು ವೆಚ್ಚವೆಂದು ಆಡಳಿತ ವರ್ಗಕ್ಕೆ ಅಸಮಾಧಾನ. ಅಡುಗೆಯವನ ತಪ್ಪೋ, ಅಕ್ಕಿಯ ತಪ್ಪೋ, ಕಾರಣ ಹುಡುಕಿ ತಿಳಿಸಿರೆಂದು ಸಮಿತಿಗೆ ಹೇಳಿತು. ಸಮಿತಿಯವರು ಪ್ರಾಮಾಣಿಕರು. ಒಂದು ವಾರ ಕೈಗಡಿಯಾರ ಹಿಡಿದು ಕ್ಯಾಂಟೀನಿನ ಬಾಗಿಲಲ್ಲಿ ನಿಂತರು. ಒಂದು ಗಂಟೆಗೆ ಊಟದ ಗಂಟೆ ಹೊಡೆಯುತ್ತದೆ. ಎರಡನೆಯ ಮಹಡಿಯ ಹೆಂಗಸರು ಒಂದೇ ಮೆಟ್ಟಿಲ ಸಾಲಿನಲ್ಲಿ ಇಳಿಯಬೇಕು. ಕೈ ತೊಳೆಯಲು ಇರುವುದು ಆರು ನಲ್ಲಿ. ಅಲ್ಲಿ ಸಾಲು, ತಟ್ಟೆಗೆ ಮತ್ತೊಂದು ಸಾಲು. ತಟ್ಟೆ ಹಿಡಿದು ಕುಳಿತುಕೊಳ್ಳುವ ಹೊತ್ತಿಗೆ ಒಂದು ಗಂಟೆ ಹದಿನಾಲ್ಕು ನಿಮಿಷ. ಒಂದೂವರೆಗೆ ಯಂತ್ರದ ಮುಂದೆ ಇರಬೇಕಾದರೆ ಒಂದು ಇಪ್ಪತ್ತೈದಕ್ಕೆ ಏಳಬೇಕು. ಉಣ್ಣಲು ಸಿಕ್ಕಿದ್ದು ಹನ್ನೊಂದು ನಿಮಿಷ. ಅನ್ನ ಉಳಿಯುವುದು ರುಚಿಯಿಲ್ಲದೆ ಅಲ್ಲ, ವೇಳೆಯಿಲ್ಲದೆ.

ಸಮಿತಿ ಒಂದು ಗೊತ್ತುವಳಿ ಬರೆಯಿತು. ಊಟದ ವಿರಾಮವನ್ನು ಹತ್ತು ನಿಮಿಷ ಹೆಚ್ಚಿಸಬೇಕು, ಇಲ್ಲವೇ ಎರಡು ತಂಡ ಮಾಡಿ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಬಿಡಬೇಕು. ಸಭೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಅದನ್ನು ಓದಿ ಕೆಳಗಿಟ್ಟು ಹೇಳಿದರಂತೆ: 'ಅನ್ನ ಸಾರಿನ ಮಾತಾಡಿ. ವೇಳೆಯ ಮಾತು ಈ ಸಮಿತಿಗೆ ಸೇರಿದ್ದಲ್ಲ.' ಗೊತ್ತುವಳಿ ಸಭೆಯ ಪುಸ್ತಕಕ್ಕೆ ಏರಲಿಲ್ಲ. ಏರದಿದ್ದುದರಿಂದ ಅದು ನಡೆದೇ ಇಲ್ಲವೆಂದಾಯಿತು.

ಸದಸ್ಯರು ನಮ್ಮನ್ನು ಕೇಳಿದ್ದು ಇದು: ಅಧಿಕಾರಿ ಹೇಳಿದ್ದು ಸರಿಯೇ? ಒಂದು ಕೆಲಸಕ್ಕಾಗಿ ನೇಮಕವಾದ ಸಮಿತಿ ಆ ಕೆಲಸದ ಹೊರಗಿನ ಗೊತ್ತುವಳಿ ತರಬಹುದೇ, ತರಬಾರದೇ?

ಅಧಿಕಾರಿಯ ವಾದಕ್ಕೆ ಮೊದಲು ನ್ಯಾಯ ಮಾಡೋಣ. ಎದುರಾಳಿಯ ವಾದವನ್ನು ಅರ್ಧ ಕೇಳಿ ಉತ್ತರ ಕೊಡುವುದು ಸಮಾಜವಾದಿಗಳಿಗೆ ಭೂಷಣವಲ್ಲ. ಸಮಿತಿ ಎಂದರೇನು? ದೊಡ್ಡ ಸಭೆ ತನ್ನ ಕೆಲಸದಲ್ಲಿ ಒಂದು ತುಂಡನ್ನು ಕೆಲವರ ಕೈಗೆ ಕೊಟ್ಟಿರುತ್ತದೆ. ಆ ಕೆಲವರಿಗೆ ಅಧಿಕಾರವಿರುವುದು ಕೊಟ್ಟ ತುಂಡಿನ ಮಟ್ಟಿಗೆ. ಅಡುಗೆಗೆಂದು ಚುನಾಯಿತರಾದವರು ನಾಳೆ ಸಂಬಳದ ಬಗೆಗೆ, ನಾಡಿದ್ದು ಬಡ್ತಿಯ ಬಗೆಗೆ ಮಾತಾಡತೊಡಗಿದರೆ ಅವರನ್ನು ಅದಕ್ಕೆ ಚುನಾಯಿಸಿದವರು ಯಾರು? ಎಲ್ಲ ಸಮಿತಿಯೂ ಎಲ್ಲ ವಿಷಯವನ್ನೂ ಚರ್ಚಿಸಿದರೆ ಯಾವ ವಿಷಯವೂ ಮುಗಿಯುವುದಿಲ್ಲ. ಈ ವಾದದಲ್ಲಿ ಹುರುಳಿದೆ. ಆದರೆ ಹುರುಳಿರುವುದು ಅರ್ಧದಲ್ಲಿ ಮಾತ್ರ. ಉಳಿದರ್ಧ ಯಾವುದೆಂದು ತಿಳಿಯಲು ಕಾಯಿದೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

1947ರ ಕೈಗಾರಿಕಾ ವಿವಾದಗಳ ಕಾಯಿದೆಯ 3ನೇ ಕಲಮು ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ 'ವರ್ಕ್ಸ್ ಕಮಿಟಿ'ಯನ್ನು ಏರ್ಪಡಿಸುವಂತೆ ಮಾಲೀಕನಿಗೆ ಆಜ್ಞೆ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಇದು ಕ್ಯಾಂಟೀನ್ ಸಮಿತಿಗಿಂತ ದೊಡ್ಡದು. ಇದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕನ ಪ್ರತಿನಿಧಿಗಳಿಗಿಂತ ಕಡಮೆಯಿರಕೂಡದು. ಅದರ ಕೆಲಸ ಎರಡು ಪಕ್ಷಗಳ ನಡುವೆ ಸೌಹಾರ್ದ ಕಾಪಾಡುವುದು, ಅದಕ್ಕಾಗಿ ಇಬ್ಬರಿಗೂ ಸಂಬಂಧಿಸಿದ ವಿಷಯಗಳ ಮೇಲೆ ಅಭಿಪ್ರಾಯ ಹೇಳುವುದು, ಭಿನ್ನಾಭಿಪ್ರಾಯಗಳನ್ನು ಬಗೆಹರಿಸಲು ಪ್ರಯತ್ನಿಸುವುದು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ತನ್ನ 3ನೇ ಕಲಮಿನಲ್ಲಿ ಇದೇ ಸಮಿತಿಯನ್ನು ಇದೇ ಕೆಲಸಕ್ಕೆ ಉಳಿಸಿಕೊಂಡಿದೆ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿಯೂ ಇರಬೇಕೆಂದು 4ನೇ ಕಲಮು ಹೇಳುತ್ತದೆ. ಕಾಯಿದೆಯ ಹೆಸರು ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

'ಇಬ್ಬರಿಗೂ ಸಂಬಂಧಿಸಿದ ವಿಷಯ' ಎಂಬ ಮಾತು ಅಗಲವಾದದ್ದು. ಅದು ಎಲ್ಲಿಗೆ ಮುಗಿಯುತ್ತದೆಂಬ ಬಗೆಗೆ ಗಿರಣಿ ಗಿರಣಿಯಲ್ಲೂ ಜಗಳವಾಯಿತು. ಆದ್ದರಿಂದ 1959ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂಡುವ ಭಾರತೀಯ ಕಾರ್ಮಿಕ ಸಮ್ಮೇಳನದ ಮೂಲಕ ಎರಡು ಮಾದರಿ ಪಟ್ಟಿಗಳು ಸಿದ್ಧವಾದವು. ಸಮಿತಿ ಚರ್ಚಿಸಬಹುದಾದದ್ದು ಒಂದು ಪಟ್ಟಿ: ಗಾಳಿ, ಬೆಳಕು, ನೈರ್ಮಲ್ಯ, ಕುಡಿಯುವ ನೀರು, ಕ್ಯಾಂಟೀನು, ವಿಶ್ರಾಂತಿ ಕೋಣೆ, ಶಿಶುಪಾಲನಾ ಗೃಹ, ಅಪಘಾತ ತಡೆ, ಉಳಿತಾಯ, ಮನೋರಂಜನೆ ಮುಂತಾದುವು. ಚರ್ಚಿಸಬಾರದ್ದು ಇನ್ನೊಂದು ಪಟ್ಟಿ: ಸಂಬಳ, ಭತ್ಯ, ಬೋನಸ್, ಕೆಲಸದ ಹೊರೆಯ ನಿಗದಿ, ಆಳು ಕಡಿತ, ಸಂಘದ ಕೆಲಸ ಮಾಡಿದ್ದಕ್ಕೆ ಕಿರುಕುಳ, ಪ್ರಾವಿಡೆಂಟ್ ಫಂಡ್, ಗ್ರಾಚುಯಿಟಿ, ವಸತಿ, ಸಾರಿಗೆ ಮುಂತಾದುವು.

ಓದುಗರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ. ಮೊದಲ ಪಟ್ಟಿಯಲ್ಲಿ ಕಾರ್ಮಿಕನಿಗೆ ನೋವಾಗುವ ಜಾಗಗಳಿವೆ. ಎರಡನೆಯದರಲ್ಲಿ ಆ ನೋವಿನ ಕಾರಣಗಳಿವೆ. ಅಪಘಾತ ತಡೆಯುವ ಮಾತಾಡಬಹುದು, ಆದರೆ ಅಪಘಾತಕ್ಕೆ ಕಾರಣವಾದ ಕೆಲಸದ ಹೊರೆಯ ಮಾತಾಡಬಾರದು. ಉಳಿತಾಯದ ಉಪದೇಶ ಮಾಡಬಹುದು, ಉಳಿಸಲು ಸಾಲದ ಸಂಬಳದ ಮಾತು ಕೂಡದು. ಪಟ್ಟಿ ಮಾಡಿದವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ದೊಡ್ಡ ವಿಷಯಗಳು ಸಂಘಕ್ಕೆ ಮೀಸಲಿರಲೆಂಬ ಒಳ್ಳೆಯ ಉದ್ದೇಶವೂ ಆ ಪಟ್ಟಿಯಲ್ಲಿತ್ತು. ಆದರೆ ಕಾಗದದ ಮೇಲೆ ನೋವನ್ನೂ ಕಾರಣವನ್ನೂ ಬೇರೆ ಮಾಡಿದಂತೆ ಕಾರ್ಖಾನೆಯ ಒಳಗೆ ಬೇರೆ ಮಾಡಲಾಗುವುದಿಲ್ಲ. ನಮ್ಮ ಕ್ಯಾಂಟೀನ್ ಸಮಿತಿಯವರು ಅನ್ನದ ಜಾಡು ಹಿಡಿದು ಹೋದರು, ಜಾಡು ಅವರನ್ನು ಗಡಿಯಾರದ ಬಳಿಗೆ ಒಯ್ದಿತು. ಅವರು ಗಡಿ ಮೀರಲಿಲ್ಲ. ಗಡಿಯ ಆಚೆಗೆ ಕಾರಣವಿತ್ತು, ಅದನ್ನು ತೋರಿಸಿದರು.

ತೋರಿಸುವ ಬಾಯಿಯನ್ನು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ರಾವಿಡೆಂಟ್ ಫಂಡಿನ ನಿಯಮ ಬದಲಾಯಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವಯಸ್ಸು ತುಂಬುವವರೆಗೆ ಕಾರ್ಮಿಕರು ತೆಗೆಯುವಂತಿಲ್ಲವೆಂದು ಹೊಸ ನಿಯಮ. ಸಿದ್ಧ ಉಡುಪಿನ ಕೆಲಸದಲ್ಲಿ ಆ ವಯಸ್ಸಿನವರೆಗೆ ಉಳಿಯುವ ಹೆಂಗಸರು ಎಷ್ಟು ಮಂದಿ? ಮಗಳ ಮದುವೆ, ಮಗನ ಫೀಜು, ಮನೆಯ ಭೋಗ್ಯ, ಎಲ್ಲಕ್ಕೂ ಆ ಹಣವೇ ಗತಿ. ಹೊಲಿಗೆ ಯಂತ್ರದ ಸಾಲುಗಳಲ್ಲಿ ಈ ಮಾತು ಗುಸುಗುಸು ನಡೆದಿರಲೇಬೇಕು. ಆದರೆ ಪ್ರಾವಿಡೆಂಟ್ ಫಂಡು ಕಾರ್ಖಾನೆಯ ಯಾವ ಸಮಿತಿಯ ಪಟ್ಟಿಗೂ ಸೇರಿದ್ದಲ್ಲ. ಸಂಘವೆಂಬುದು ಬಹುಪಾಲು ಕಾರ್ಖಾನೆಗಳಲ್ಲಿ ಇರಲೇ ಇಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಒಟ್ಟಿಗೆ ಕೆಲಸ ಬಿಟ್ಟು ಹೆದ್ದಾರಿಗೆ ಇಳಿದರು. ಬಸ್ಸುಗಳು ಸುಟ್ಟವು, ಲಾಠಿಗಳು ಬೀಸಿದವು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಹೆಂಗಸರಿಗೆ ನಮ್ಮ ಗೌರವ ಸಲ್ಲುತ್ತದೆ. ಆದರೆ ಪ್ರಶ್ನೆ ಉಳಿಯುತ್ತದೆ. ಕಾರ್ಖಾನೆಯ ಸಮಿತಿಗೆ ಆ ನಿಯಮವನ್ನು ಬದಲಾಯಿಸುವ ಶಕ್ತಿ ಇರಲಿಲ್ಲ, ನಿಜ. ಆದರೆ 'ನಮ್ಮ ಸಾಲಿನಲ್ಲಿ ಈ ಮಾತು ಕುದಿಯುತ್ತಿದೆ, ಮೇಲಿನವರಿಗೆ ತಿಳಿಸಿರಿ' ಎಂದು ಬರೆಯುವುದಕ್ಕೆ ಯಾವ ಶಕ್ತಿ ಬೇಕಿತ್ತು? ಸಮಿತಿಯಲ್ಲಿ ಹೊರವಿಷಯವೆಂದು ತಡೆದ ಮಾತು ಸಾಯುವುದಿಲ್ಲ. ಅದು ರಸ್ತೆಯನ್ನು ಹುಡುಕಿಕೊಂಡು ಹೋಗುತ್ತದೆ.

ಇಷ್ಟು ಓದಿದ ಗೆಳೆಯರು, ಹಾಗಾದರೆ ಸಮಿತಿಗಳಿಗೆ ಗಡಿಯೇ ಬೇಡವೆಂದು ನಮ್ಮ ಅಭಿಪ್ರಾಯವೆಂದು ತಿಳಿಯಬಹುದು. ಅಲ್ಲ. ಗಡಿ ಬೇಕು, ಅದು ಕಾರ್ಮಿಕನ ರಕ್ಷಣೆಗೇ ಬೇಕು. ಇದಕ್ಕೂ ಸಾಕ್ಷಿಯಿದೆ.

ಪಶ್ಚಿಮ ಬಂಗಾಳದ ನಾರ್ತ್‌ಬ್ರೂಕ್ ಸೆಣಬಿನ ಕಂಪನಿಯ ಆಡಳಿತ ವರ್ಗ 1957ರಲ್ಲಿ ಕೆಲಸದ ಹೊರೆಯನ್ನು ಹೆಚ್ಚಿಸುವ 'ರ್ಯಾಷನಲೈಸೇಷನ್' ಯೋಜನೆ ತಂದಿತು. ಅದನ್ನು ವರ್ಕ್ಸ್ ಕಮಿಟಿಯ ಮುಂದೆ ಇಟ್ಟಿತು, ಕಮಿಟಿಯಲ್ಲಿದ್ದ ಕಾರ್ಮಿಕ ಪ್ರತಿನಿಧಿಗಳು ಒಪ್ಪಿಕೊಂಡರು. ಗಿರಣಿಯ ಕಾರ್ಮಿಕರು ಒಪ್ಪಲಿಲ್ಲ. ಹೆಚ್ಚಿನ ಹೊರೆ ಹೊರಲು ನಿರಾಕರಿಸಿದರು, ಕಂಪನಿ ಬಾಗಿಲು ಹಾಕಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1960ರಲ್ಲಿ ನ್ಯಾಯಾಲಯ ಕಾರ್ಮಿಕರ ಪಕ್ಷವನ್ನು ಎತ್ತಿಹಿಡಿಯಿತು. ವರ್ಕ್ಸ್ ಕಮಿಟಿ ಇರುವುದು ದಿನದಿನದ ವ್ಯವಹಾರದಲ್ಲಿ ಸೌಹಾರ್ದ ಕಾಪಾಡುವುದಕ್ಕೆ. ಅದು ಸಂಘದ ಸ್ಥಾನವನ್ನು ಕಿತ್ತುಕೊಳ್ಳುವಂತಿಲ್ಲ. ಇಂಥ ಬದಲಾವಣೆಗೆ ಅದು ಕೊಟ್ಟ ಒಪ್ಪಿಗೆ ಕಾರ್ಮಿಕರನ್ನು ಕಟ್ಟಿಹಾಕುವುದಿಲ್ಲ. ಇದು ತೀರ್ಪಿನ ಸಾರ.

ಈಗ ಎರಡು ಸಂಗತಿಗಳನ್ನೂ ಒಟ್ಟಿಗೆ ನೋಡೋಣ. ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ಸಮಿತಿ ಹೊರವಿಷಯವನ್ನು ಎತ್ತಿದಾಗ ಆಡಳಿತ ವರ್ಗ ಗಡಿಯನ್ನು ನೆನಪಿಸಿತು. ಬಂಗಾಳದ ಗಿರಣಿಯಲ್ಲಿ ಆಡಳಿತ ವರ್ಗವೇ ಹೊರವಿಷಯವನ್ನು ಸಮಿತಿಯೊಳಕ್ಕೆ ತಂದು ಸಹಿ ಹಾಕಿಸಿಕೊಂಡಿತು. ಅಂದರೆ ಮಾಲೀಕನಿಗೆ ಗಡಿಯ ಮೇಲೆ ಭಕ್ತಿಯಿಲ್ಲ. ಕಾರ್ಮಿಕ ಕೇಳುವಾಗ ಗಡಿ ಗೋಡೆಯಾಗುತ್ತದೆ, ಕಾರ್ಮಿಕನಿಂದ ಕಿತ್ತುಕೊಳ್ಳುವಾಗ ಅದೇ ಗೋಡೆಯಲ್ಲಿ ಬಾಗಿಲು ತೆರೆಯುತ್ತದೆ.

ಆದ್ದರಿಂದ ನಮಗೆ ಬೇಕಾದ ನಿಯಮ ಎರಡೂ ಕಡೆ ಒಂದೇ ಆಗಿರಬೇಕು. ನಮ್ಮ ಅಭಿಪ್ರಾಯದಲ್ಲಿ ಆ ನಿಯಮ ಹೀಗಿದೆ. ಸಮಿತಿ ತನಗೆ ವಹಿಸಿದ ಕೆಲಸದ ದಾರಿಯಲ್ಲಿ ಎದುರಾದ ಯಾವ ವಿಷಯವನ್ನಾದರೂ ಸೂಚಿಸಬಹುದು. ಆದರೆ ವಹಿಸಿದ ಕೆಲಸದ ಹೊರಗೆ ಯಾವುದನ್ನೂ ನಿರ್ಣಯಿಸಬಾರದು, ಒಪ್ಪಿ ಸಹಿ ಹಾಕಬಾರದು. ಗಡಿ ಇರಬೇಕಾದದ್ದು ಸಹಿ ಹಾಕುವ ಕೈಗೆ, ಕಂಡದ್ದನ್ನು ಹೇಳುವ ಬಾಯಿಗಲ್ಲ. ಶಾಲೆಯ ಉಪಾಧ್ಯಾಯನಿಗೆ ವಹಿಸಿದ ಕೆಲಸ ಪಾಠ ಹೇಳುವುದು. ಮಗು ಹಸಿದು ಬಂದಿದೆ, ಅದಕ್ಕೇ ಲೆಕ್ಕ ತಲೆಗೆ ಹತ್ತುತ್ತಿಲ್ಲವೆಂದು ಅವನು ಹೇಳಿದರೆ ಅಧಿಕಾರ ಮೀರಿದನೆಂದು ಯಾರಾದರೂ ಆಪಾದಿಸುತ್ತಾರೆಯೇ? ಆದರೆ ಅದೇ ಉಪಾಧ್ಯಾಯ ಶಾಲೆಯ ಕಟ್ಟಡ ನಿಧಿಯನ್ನು ತೆಗೆದು ಅಕ್ಕಿ ಕೊಂಡರೆ ಆಗ ಆಪಾದನೆ ಸರಿ.

ಇದು ಗಿರಣಿಯ ಒಳಗಿನ ಮಾತು ಮಾತ್ರವಲ್ಲ. ಅಂಗಡಿಯ ಬಾಗಿಲು ತೆರೆದಾಗ ಎದುರಿಗೆ ಅಗೆದ ರಸ್ತೆ ಕಾಣುವ ಸಣ್ಣ ವ್ಯಾಪಾರಿಗೂ ಇದೇ ಅನುಭವವಿದೆ. 1992ರ 74ನೇ ಸಂವಿಧಾನ ತಿದ್ದುಪಡಿ ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಬೆಂಗಳೂರಿನಲ್ಲಿ ಆ ಸಮಿತಿಗಳಿಗೆ ಕಸ, ಬೀದಿದೀಪ, ಚರಂಡಿ, ಪಾರ್ಕು, ವಾರ್ಡಿನ ಕಾಮಗಾರಿ ಇಂಥ ಕೆಲಸಗಳು. ಆದರೆ ನಗರದ ಬದುಕನ್ನು ಬೇರೆ ಬೇರೆ ಮಂಡಳಿಗಳು ಹಂಚಿಕೊಂಡಿವೆ. ನೀರು ಮತ್ತು ಒಳಚರಂಡಿ 1964ರ ಕಾಯಿದೆಯಿಂದ ಬಂದ ಜಲಮಂಡಳಿಗೆ, ಹೊಸ ಬಡಾವಣೆ 1976ರ ಕಾಯಿದೆಯಿಂದ ಬಂದ ಅಭಿವೃದ್ಧಿ ಪ್ರಾಧಿಕಾರಕ್ಕೆ, ಬಸ್ಸು 1997ರಲ್ಲಿ ಬೇರೆಯಾದ ಸಾರಿಗೆ ಸಂಸ್ಥೆಗೆ, ವಿದ್ಯುತ್ತು 2002ರಿಂದ ಬೆಸ್ಕಾಂಗೆ. ಬಸವೇಶ್ವರನಗರದ ಒಬ್ಬ ದಿನಸಿ ವ್ಯಾಪಾರಿ ವಾರ್ಡ್ ಸಭೆಯಲ್ಲಿ ಎದ್ದು, ಹೊಸ ಡಾಂಬರು ಹಾಕಿದ ರಸ್ತೆಯನ್ನು ನೀರಿನ ಕೊಳವೆಗಾಗಿ ಮತ್ತೆ ಅಗೆದರಲ್ಲಾ, ಎರಡು ಇಲಾಖೆಗಳೂ ಮೊದಲೇ ಮಾತಾಡಿಕೊಳ್ಳಬಾರದೇ ಎಂದು ಕೇಳಿದನೆಂದು ಇಟ್ಟುಕೊಳ್ಳಿ. 'ಅದು ಜಲಮಂಡಳಿಗೆ ಸೇರಿದ್ದು, ಈ ಸಮಿತಿಗಲ್ಲ' ಎಂದರೆ ಅವನು ಎಲ್ಲಿಗೆ ಹೋಗಬೇಕು? ರಸ್ತೆ ಒಂದೇ, ಅಂಗಡಿ ಒಂದೇ, ಕುಳಿ ಒಂದೇ. ಅದರ ಮಾತಾಡಲು ಮಾತ್ರ ನಾಲ್ಕು ಕಚೇರಿ.

ಇದರ ಮೇಲೆ, 2020ರ ಸೆಪ್ಟೆಂಬರ್ 10ಕ್ಕೆ ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ ಮುಗಿದು, ಆಮೇಲೆ ವರ್ಷಗಳ ಕಾಲ ಅಧಿಕಾರಿಗಳದೇ ಆಡಳಿತ ನಡೆಯಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಂದು ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಳೆಯ ಮಹಾನಗರ ಪಾಲಿಕೆ ಐದು ಪಾಲಿಕೆಗಳಾಗಿ ಒಡೆಯಿತು, ಪಶ್ಚಿಮ ಪಾಲಿಕೆ ಅವುಗಳಲ್ಲೊಂದು. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಕೆಳಗೆ ಎಲ್ಲ ಮಂಡಳಿಗಳನ್ನೂ ಒಂದೇ ಮೇಜಿನ ಸುತ್ತ ಕೂಡಿಸುತ್ತೇವೆಂದು ಸರ್ಕಾರ ಹೇಳುತ್ತದೆ. ಮೇಲಿನ ಮೇಜಿನ ಸುತ್ತ ಎಲ್ಲರೂ ಕೂಡಬಹುದಾದರೆ ಕೆಳಗಿನ ವಾರ್ಡ್ ಸಮಿತಿಯಲ್ಲಿ ಎಲ್ಲ ಮಾತೂ ಕೂಡಬಾರದೇಕೆ? ಜಲಮಂಡಳಿಗೆ ಆಜ್ಞೆ ಮಾಡುವ ಅಧಿಕಾರ ವಾರ್ಡ್ ಸಮಿತಿಗೆ ಬೇಡ. ಜಲಮಂಡಳಿಗೆ ಗೊತ್ತುವಳಿ ಕಳಿಸಿ, ಇಷ್ಟು ದಿನದೊಳಗೆ ಉತ್ತರ ಪಡೆಯುವ ಹಕ್ಕು ಬೇಕು.

ಬೀದಿ ಬದಿಯ ವ್ಯಾಪಾರಿಗಳದೂ ಇದೇ ಕತೆ. 2014ರ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಚುನಾಯಿತರಾಗಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಸಮಿತಿಯ ಮುಖ್ಯ ಕೆಲಸ ಸಮೀಕ್ಷೆ, ಪ್ರಮಾಣಪತ್ರ, ಸ್ಥಳ ನಿಗದಿ. ಹೂ ಮಾರುವ ಹೆಂಗಸು ಆ ಸಭೆಯಲ್ಲಿ ಕುಳಿತು, ಸ್ಥಳವೇನೋ ಕೊಟ್ಟಿರಿ, ಬೆಳಗಿನಿಂದ ರಾತ್ರಿಯವರೆಗೆ ಕೂರುವವಳಿಗೆ ಶೌಚಾಲಯವೆಲ್ಲಿ, ಬಂಡವಾಳಕ್ಕೆ ದಿನಬಡ್ಡಿಯ ಸಾಲ ಬಿಟ್ಟರೆ ಬೇರೆ ದಾರಿಯೆಲ್ಲಿ ಎಂದು ಕೇಳಿದರೆ, ಅದು ಹೊರವಿಷಯವೇ? ಅವಳು ಆ ಸಭೆಗೆ ಬಂದದ್ದೇ ಅದನ್ನು ಬಲ್ಲವಳೆಂದು.

ಕೇಳುವುದಕ್ಕೆಂದು ಕರೆದವರು ಹೇಳತೊಡಗಿದ್ದು ನಮ್ಮ ನಾಡಿಗೆ ಹೊಸದಲ್ಲ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಮೊದಲ ಬಾರಿ ಕೂಡಿತು. ದಿವಾನರು ಹಿಂದಿನ ವರ್ಷದ ವರದಿಯನ್ನೂ ಮುಂದಿನ ವರ್ಷದ ಯೋಜನೆಯನ್ನೂ ಓದುವುದು, ಪ್ರತಿನಿಧಿಗಳು ಕೇಳುವುದು, ತಮ್ಮ ಕಡೆಯ ಅಹವಾಲುಗಳನ್ನು ಹೇಳಿಕೊಳ್ಳುವುದು. ಅದಕ್ಕಿಂತ ಹೆಚ್ಚಿನ ಅಧಿಕಾರ ಆ ಸಭೆಗೆ ಇರಲಿಲ್ಲ. ಪ್ರತಿನಿಧಿಗಳು ಅಷ್ಟಕ್ಕೆ ನಿಲ್ಲಲಿಲ್ಲ. ವರ್ಷ ವರ್ಷವೂ ಕೇಳಿದರು. 1923ರ ಸುಧಾರಣೆಯಲ್ಲಿ, ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯ ಮೇಲೆ, ಸಭೆಗೆ ಕಾಯಿದೆಯ ಬಲ ಬಂತು. ಹೊಸ ತೆರಿಗೆ ಹಾಕುವ ಮೊದಲು, ಕಾಯಿದೆ ತರುವ ಮೊದಲು ಅದರ ಅಭಿಪ್ರಾಯ ಕೇಳಬೇಕೆಂದಾಯಿತು, ಆಯವ್ಯಯದ ಮೇಲೆ ಗೊತ್ತುವಳಿ ತರುವ ಹಕ್ಕು ಬಂತು. ಇದಕ್ಕೆ 42 ವರ್ಷ ಹಿಡಿಯಿತು. ಆಗಲೂ ಕೊನೆಯ ಮಾತು ಮಹಾರಾಜರದೇ. ಆದರೆ ಕೇಳುವ ಹಕ್ಕಿನಿಂದ ಸೂಚಿಸುವ ಹಕ್ಕಿಗೆ, ಅಲ್ಲಿಂದ ನಿರ್ಣಯಿಸುವ ಹಕ್ಕಿಗೆ ದಾರಿಯಿರುವುದು ಈ ಕ್ರಮದಲ್ಲಿಯೇ. ಮೊದಲ ಮೆಟ್ಟಿಲಲ್ಲೇ 'ಇದು ನಿಮಗೆ ಸೇರಿದ್ದಲ್ಲ' ಎಂದಾಗ ತಲೆ ತಗ್ಗಿಸಿ ಕುಳಿತಿದ್ದರೆ ಆ ಸಭೆ ದಸರೆಯ ಮೆರವಣಿಗೆಯ ಒಂದು ಅಂಗವಾಗಿ ಉಳಿಯುತ್ತಿತ್ತು.

ನಮ್ಮ ಚಳವಳಿಯ ಚರಿತ್ರೆಯಲ್ಲಿಯೂ ನೋಡಿ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಜಗಳ ಆರಂಭವಾದದ್ದು ಭತ್ತ ಅಳೆಯುವ ಕೊಳಗದ ಮೇಲೆ. ಕೊಳಗದ ಅಳತೆ ಸರಿಯಿಲ್ಲವೆಂಬುದು ದೂರು. ಹೆಚ್. ಗಣಪತಿಯಪ್ಪನವರ ರೈತ ಸಂಘ ಆ ಕೊಳಗದ ಜಾಡು ಹಿಡಿದು ನಡೆಯಿತು. 1951ರ ಸತ್ಯಾಗ್ರಹದ ಹೊತ್ತಿಗೆ ಪ್ರಶ್ನೆ ಕೊಳಗದ್ದಾಗಿ ಉಳಿಯಲಿಲ್ಲ, ಭೂಮಿಯದಾಗಿತ್ತು. ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಕೊಳಗದ ಮಾತು ಮಾತ್ರ ಆಡಿ, ಹೊಲದ ಮಾತು ಬೇಡವೆಂದು ಅಂದು ಸಂಘ ಒಪ್ಪಿಕೊಂಡಿದ್ದರೆ ಗೇಣಿದಾರನಿಗೆ ಸರಿಯಾದ ಕೊಳಗ ಸಿಗುತ್ತಿತ್ತೇನೋ, ಹೊಲ ಸಿಗುತ್ತಿರಲಿಲ್ಲ.

ಈಗ ನಮ್ಮ ಮನೆಯ ಕಡೆಗೂ ನೋಡಿಕೊಳ್ಳಬೇಕು. ಮಾಲೀಕನಿಗೆ ಹೇಳುವ ನಿಯಮವನ್ನು ನಾವು ಪಾಲಿಸದಿದ್ದರೆ ನಮ್ಮ ಮಾತಿಗೆ ತೂಕವಿಲ್ಲ. ನಮ್ಮ ಸಂಘಗಳಲ್ಲಿ, ಪಕ್ಷದಲ್ಲಿ, ಎರಡು ತಪ್ಪುಗಳೂ ನಡೆಯುತ್ತವೆ. ಚಂದಾ ಎತ್ತಲು ನೇಮಿಸಿದ ಸಮಿತಿಯಲ್ಲಿ ಒಬ್ಬ ತರುಣ, ಚಂದಾ ಬರುತ್ತಿಲ್ಲ, ಏಕೆಂದರೆ ಗುತ್ತಿಗೆ ಕಾರ್ಮಿಕರನ್ನು ನಾವು ಸದಸ್ಯರನ್ನಾಗಿ ಮಾಡಿಕೊಂಡಿಲ್ಲ ಎಂದು ಎದ್ದು ಹೇಳುತ್ತಾನೆ. 'ಚಂದಾದ ಮಾತಾಡು, ಸದಸ್ಯತ್ವದ ಮಾತು ಕಾರ್ಯಕಾರಿ ಸಮಿತಿಗೆ ಬಿಡು' ಎಂದು ಹಿರಿಯರು ಕೂರಿಸುತ್ತಾರೆ. ಮೈಸೂರು ರಸ್ತೆಯ ಅಧಿಕಾರಿಯ ಬಾಯಿಂದ ಬಂದ ಮಾತೇ ಅದು. ಹಾಗೆ ತರುಣರನ್ನು ಕೂರಿಸಿದವರಲ್ಲಿ ನಾವೂ ಇದ್ದೇವೆಂದು ಒಪ್ಪಿಕೊಳ್ಳುತ್ತೇವೆ. ಇನ್ನೊಂದು ಕಡೆ, ಸಮ್ಮೇಳನದ ಸ್ವಾಗತಕ್ಕೆಂದು ನೇಮಕವಾದ ಐವರು ರಾತ್ರಿ ಕೂತು ಚುನಾವಣೆಯ ಮೈತ್ರಿಯ ಬಗೆಗೆ ನಿರ್ಣಯ ಮಾಡಿ, ಬೆಳಗ್ಗೆ ಅದನ್ನು ಪಕ್ಷದ ನಿರ್ಣಯವೆಂದು ಪತ್ರಿಕೆಗಳಿಗೆ ಕೊಟ್ಟರೆ ಅದು ಸೂಚನೆಯಲ್ಲ, ಕಳವು. ಮಹಾಸಭೆಗೆ ಸೇರಿದ್ದನ್ನು ಐವರು ಕದ್ದಂತೆ. ಮೊದಲನೆಯದು ಬಾಯಿ ಕಟ್ಟುವ ತಪ್ಪು, ಎರಡನೆಯದು ಕೈ ಚಾಚುವ ತಪ್ಪು. ಎರಡಕ್ಕೂ ಮದ್ದು ಒಂದೇ.

ಆ ಮದ್ದನ್ನು ಸರಳವಾಗಿ ಹೇಳುತ್ತೇವೆ. ಸಮಿತಿ ಮೊದಲು ತನಗೆ ವಹಿಸಿದ ಕೆಲಸವನ್ನು ಮುಗಿಸಲಿ. ಅನ್ನದ ಲೆಕ್ಕ ನೋಡದೆ ಗಡಿಯಾರದ ಮಾತಾಡುವವನ ಗೊತ್ತುವಳಿಗೆ ಬೆಲೆಯಿಲ್ಲ. ಹೊರವಿಷಯದ ಗೊತ್ತುವಳಿ ಬಾಯಿಮಾತಾಗಿರದೆ ಬರಹದಲ್ಲಿರಲಿ. ನಮಗೆ ವಹಿಸಿದ ಕೆಲಸ ಮಾಡುವಾಗ ಇದು ಹೇಗೆ ಎದುರಾಯಿತೆಂದು ಒಂದು ವಾಕ್ಯ ಅದರಲ್ಲಿರಲೇಬೇಕು. ಆ ವಾಕ್ಯ ಬರೆಯಲಾಗದಿದ್ದರೆ ವಿಷಯ ಆ ಸಮಿತಿಯದಲ್ಲ, ಸದಸ್ಯನು ಅದನ್ನು ಸಂಘದ ಮಹಾಸಭೆಗೆ ತನ್ನ ಹೆಸರಿನಲ್ಲಿ ತರಲಿ. ಅಧ್ಯಕ್ಷನಿಗೆ ಅದನ್ನು ಚರ್ಚೆಗೆ ಬಿಡುವ, ಬಿಡದಿರುವ ಅಧಿಕಾರ ಇರಬಹುದು, ಆದರೆ ಪುಸ್ತಕದಲ್ಲಿ ದಾಖಲೆ ಮಾಡದಿರುವ ಅಧಿಕಾರ ಯಾವ ಅಧ್ಯಕ್ಷನಿಗೂ ಇರಕೂಡದು. ದಾಖಲೆಯಾದದ್ದು ನಿರ್ಣಯಿಸುವ ಅಧಿಕಾರವುಳ್ಳವರಿಗೆ ಹೋಗಲಿ. ಅವರು ಒಂದು ತಿಂಗಳೊಳಗೆ ಹೌದು ಎನ್ನಲಿ, ಅಲ್ಲ ಎನ್ನಲಿ, ಕಾರಣ ಸಹಿತ ಬರೆದು ತಿಳಿಸಲಿ. ಅಲ್ಲಿಯವರೆಗೆ ಸಮಿತಿ ಅದನ್ನು ನಿರ್ಣಯವೆಂದು ಸಾರಬಾರದು. ಮಾಲೀಕನೇ ಹೊರವಿಷಯವನ್ನು ತಂದು ಸಹಿ ಕೇಳಿದರೆ ಸಮಿತಿಯ ಉತ್ತರ ಒಂದೇ: 'ನಿಮ್ಮ ಸೂಚನೆ ಬರೆದುಕೊಂಡಿದ್ದೇವೆ. ಸಹಿ ಸಂಘದ್ದು.'

ಈ ನಿಯಮದಿಂದ ಸಭೆಗಳು ಉದ್ದವಾಗುತ್ತವೆಂದು ಆಕ್ಷೇಪಣೆ ಬರಬಹುದು. ಸ್ವಲ್ಪ ಉದ್ದವಾಗುತ್ತವೆ, ನಿಜ. ಬರೆದುಕೊಳ್ಳಲು ಐದು ನಿಮಿಷ, ಮೇಲಕ್ಕೆ ಕಳಿಸಲು ಒಂದು ಹಾಳೆ ಕಾಗದ. ಹೆದ್ದಾರಿಯಲ್ಲಿ ಎರಡು ದಿನ ನಿಂತ ಸಾವಿರಾರು ಹೆಂಗಸರ ಪಾಡಿನೊಂದಿಗೆ ಈ ವೆಚ್ಚವನ್ನು ತೂಗಿ ನೋಡಿ. ಮತ್ತೆ ಕೆಲವರು, ಸೂಚಿಸುವ ಹಕ್ಕಿನಿಂದ ಏನು ಬಂತು, ನಿರ್ಣಯಿಸುವ ಹಕ್ಕೇ ಬೇಕೆನ್ನಬಹುದು. ಅವರ ಆತುರ ನಮಗೂ ಇದೆ. ಕಾರ್ಖಾನೆಯ ಗಡಿಯಾರವನ್ನು ಕಾರ್ಮಿಕನೇ ನಿರ್ಧರಿಸುವ ದಿನ ಬರಬೇಕು, ಅದಕ್ಕಾಗಿಯೇ ನಾವು ಸಮಾಜವಾದಿಗಳು. ಆದರೆ ಆ ಹಕ್ಕು ಬರುವುದು ಸಂಘದ ಬಲದಿಂದ, ಮಹಾಸಭೆಯ ಎಲ್ಲ ಕೈಗಳಿಂದ. ಮೂವರ ಸಮಿತಿ ತನ್ನಷ್ಟಕ್ಕೆ ಅದನ್ನು ಊಹಿಸಿಕೊಂಡರೆ, ನಾಳೆ ಆ ಮೂವರನ್ನು ಕೊಂಡುಕೊಂಡವನಿಗೆ ಎಲ್ಲರ ಹಕ್ಕೂ ಅಗ್ಗವಾಗಿ ಸಿಗುತ್ತದೆ. ನಾರ್ತ್‌ಬ್ರೂಕಿನ ಕಾರ್ಮಿಕರು ಇದನ್ನು ಅನುಭವದಿಂದ ಕಲಿತರು.

ಕ್ಯಾಂಟೀನ್ ಸಮಿತಿಯ ಆ ಮೂವರ ಕತೆ ಏನಾಯಿತೆಂದು ಓದುಗರು ಕೇಳುತ್ತಾರೆ. ನಾವು ಅವರಿಗೆ ಮೇಲಿನಷ್ಟನ್ನೇ ಹೇಳಿದೆವು. ಅವರು ಮುಂದಿನ ಸಭೆಯಲ್ಲಿ ಗೊತ್ತುವಳಿಯನ್ನು ಮತ್ತೆ ಬರೆದು ತಂದರು. ಈ ಸಲ ಮೊದಲ ವಾಕ್ಯ ಹೀಗಿತ್ತು: 'ಅನ್ನ ಏಕೆ ಉಳಿಯುತ್ತದೆಂದು ತಿಳಿಸಲು ನಮಗೆ ಹೇಳಲಾಗಿತ್ತು. ಉತ್ತರ ಇದು.' ಕೆಳಗೆ ವಾರದ ಲೆಕ್ಕ, ನಿಮಿಷ ನಿಮಿಷವಾಗಿ. 1948ರ ಕಾರ್ಖಾನೆಗಳ ಕಾಯಿದೆ ಐದು ಗಂಟೆಯ ಕೆಲಸದೊಳಗೆ ಅರ್ಧ ಗಂಟೆಗೆ ಕಡಮೆಯಿಲ್ಲದ ವಿರಾಮವಿರಬೇಕೆಂದು ವಿಧಿಸಿತ್ತು. ಆ ಅರ್ಧ ಗಂಟೆಯಲ್ಲಿ ಹನ್ನೊಂದು ನಿಮಿಷ ಮಾತ್ರ ಊಟಕ್ಕೆ ಸಿಗುತ್ತಿದೆಯೆಂದು ಸೇರಿಸಿದ್ದರು. ಅಧಿಕಾರಿ ಈ ಸಲ ಅದನ್ನು ಪುಸ್ತಕಕ್ಕೆ ಏರಿಸಿದರು. ತಾವೇ ಕೇಳಿದ ಪ್ರಶ್ನೆಯ ಉತ್ತರವನ್ನು ಹೊರವಿಷಯವೆನ್ನಲು ಅವರಿಂದ ಆಗಲಿಲ್ಲ. ವಿರಾಮ ಹೆಚ್ಚಲಿಲ್ಲ. ಎರಡು ತಂಡವೂ ಆಗಲಿಲ್ಲ. ನಲ್ಲಿಗಳು ಆರು ಇದ್ದದ್ದು ಹದಿನಾಲ್ಕಾದವು, ಎರಡನೆಯ ಮೆಟ್ಟಿಲ ಬಾಗಿಲಿನ ಬೀಗ ತೆಗೆಯಲಾಯಿತು. ಊಟಕ್ಕೆ ನಾಲ್ಕೈದು ನಿಮಿಷ ಹೆಚ್ಚು ಸಿಕ್ಕಿತು.

ಇದು ಜಯವೆಂದು ನಾವು ಹೇಳುವುದಿಲ್ಲ. ಹತ್ತು ನಿಮಿಷದ ಬೇಡಿಕೆ ಹಾಗೆಯೇ ಉಳಿದಿದೆ, ಅದನ್ನು ಪಡೆಯುವುದು ಸಂಘದ ಕೆಲಸ. ಆದರೆ ಆ ಬೇಡಿಕೆ ಈಗ ಕಾರ್ಖಾನೆಯ ಪುಸ್ತಕದಲ್ಲಿಯೇ ಬರೆದುಕೊಂಡಿದೆ. ನಮ್ಮ ಓದುಗರಲ್ಲಿ ಯಾವುದಾದರೂ ಸಮಿತಿಯಲ್ಲಿರುವವರು ಬಹಳ ಮಂದಿ ಇದ್ದೀರಿ: ಕುಂದುಕೊರತೆ ಸಮಿತಿ, ಸುರಕ್ಷತಾ ಸಮಿತಿ, ವಾರ್ಡ್ ಸಮಿತಿ, ವ್ಯಾಪಾರಿಗಳ ಸಮಿತಿ. ಮುಂದಿನ ಸಭೆಗೆ ಹೋಗುವಾಗ ವಹಿಸಿದ ಕೆಲಸದ ವರದಿಯ ಜೊತೆಗೆ ಇನ್ನೊಂದು ಹಾಳೆ ತೆಗೆದುಕೊಂಡು ಹೋಗಿರಿ. ಕೆಲಸ ಮಾಡುವಾಗ ದಾರಿಯಲ್ಲಿ ಕಂಡದ್ದನ್ನು ಅದರಲ್ಲಿ ಬರೆಯಿರಿ. ಪುಸ್ತಕಕ್ಕೆ ಏರಿಸುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.